ಐಸ್ ಫ್ಯಾಕ್ಟರಿಯೊಳಗಿನ ಶಾಲೆಗಳು

ಒಂದು ಶಾಲೆಗೆ ಇಂಟರ್ನೆಟ್ ಮುಟ್ಟಿದೆಯೋ ಇಲ್ಲವೋ ಎಂಬುದು ಸರ್ಕಾರಕ್ಕೆ ತಿಳಿಯುವುದು ಹಸಿರು ಚುಕ್ಕೆಯಿಂದ. ಕಾರವಾರದ ಕಚೇರಿಯೊಂದರಲ್ಲಿ ದೊಡ್ಡ ಪರದೆ ಇದೆ, ಪರದೆಯ ಮೇಲೆ ಜಿಲ್ಲೆಯ ನಕಾಶೆ. ಒಂದೊಂದು ಶಾಲೆಗೂ ಒಂದೊಂದು ಪಂಚಾಯತಿ ಗ್ರಂಥಾಲಯಕ್ಕೂ ಅದರಲ್ಲಿ ಒಂದೊಂದು ಚುಕ್ಕೆ. ಅಲ್ಲಿಯ ಗೋಡೆಗೆ ಕೂಡಿಸಿದ ಇಂಟರ್ನೆಟ್ ಡಬ್ಬಿ ಉರಿಯುತ್ತಿದ್ದರೆ ಚುಕ್ಕೆ ಹಸಿರು, ಆರಿದರೆ ಕೆಂಪು. ತಿಂಗಳಲ್ಲಿ ಹೆಚ್ಚಿನ ಹೊತ್ತು ಹಸಿರಾಗಿದ್ದ ಚುಕ್ಕೆಗೆ ಸಹಾಯಧನ ಬರುತ್ತದೆ, ಕೆಂಪಾದದ್ದಕ್ಕೆ ಬರುವುದಿಲ್ಲ. ಶಾಲೆಯವರು ಏನೂ ಕೊಡಬೇಕಾಗಿಲ್ಲ. ಕೇಬಲ್ ಎಳೆದ ಗುತ್ತಿಗೆದಾರರಿಗೆ ಸರ್ಕಾರವೇ ಕೊಡುತ್ತದೆ.

ನಾನು ಆ ಕೇಬಲ್ ಎಳೆಯುವವ. ಕಂಬ ಹತ್ತುವುದು, ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯನ್ನು ಯಂತ್ರದೊಳಗಿಟ್ಟು ಬೆಸೆಯುವುದು, ಬೆಳಕು ಆಚೆ ತುದಿಗೆ ಮುಟ್ಟಿತೇ ಎಂದು ಮೀಟರಿನಲ್ಲಿ ನೋಡುವುದು ನನ್ನ ಕೆಲಸ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಇದನ್ನೆಲ್ಲ ಕಲಿಸಿದವರು ನಮ್ಮ ಗುತ್ತಿಗೆದಾರರೇ. ಅವರ ಆಫೀಸು ಕಾರವಾರದ ಹಬ್ಬುವಾಡದಲ್ಲಿ. ನನ್ನ ಕೆಲಸ ಮಾತ್ರ ಅಂಕೋಲೆಯ ಕಡೆಗೆ.

ಆ ಸಲ ನಮಗೆ ಬಂದದ್ದು ಆರು ಶಾಲೆ, ಒಂದು ಗ್ರಂಥಾಲಯ. ಆ ಗ್ರಂಥಾಲಯ ನನ್ನ ಅಕ್ಕನದು. ಹಟ್ಟಿಕೇರಿಯಿಂದ ಒಳಗೆ ಹೋದರೆ ಸಿಗುವ ನಮ್ಮೂರಿನ ಪಂಚಾಯತಿ ಗ್ರಂಥಾಲಯಕ್ಕೆ ಅವಳು ಮೇಲ್ವಿಚಾರಕಿ. ಬೀಗ ತೆಗೆಯುವುದರಿಂದ ಹಿಡಿದು ಕಸ ಗುಡಿಸುವುದರ ತನಕ ಎಲ್ಲವೂ ಅವಳೇ. ಡಬ್ಬಿ ಹೊತ್ತಿದ ದಿನ ಅವಳು ಅಲ್ಲಿಗೆ ಬಂದ ಮಕ್ಕಳಿಗೆಲ್ಲ ಅವಲಕ್ಕಿ ಕಲಸಿ ಕೊಟ್ಟಳು. ಪಂಚಾಯತಿಯವರು ಫೋಟೋ ತೆಗೆಸಿಕೊಂಡರು. ಕೇಬಲ್ ಎಳೆದವ ನನ್ನ ತಮ್ಮ ಎಂದು ಅಕ್ಕ ಎಲ್ಲರಿಗೂ ಹೇಳಿದಳು.

ಎರಡು ವಾರ ಕಳೆಯುವುದರೊಳಗೆ ಹೆದ್ದಾರಿ ಅಗಲ ಮಾಡುವವರ ಜೆಸಿಬಿ ನಮ್ಮ ಕೇಬಲನ್ನು ಕಿತ್ತಿತು. ಹೋಗಿ ಬೆಸೆದೆ. ಮತ್ತೊಂದು ಕಡೆ ಕಿತ್ತಿತು. ಅದನ್ನೂ ಬೆಸೆದೆ. ಮೂರನೆಯ ಸಲ ಹೋದಾಗ ನಮ್ಮ ಕಂಬಗಳೇ ಇರಲಿಲ್ಲ. ಗುಡ್ಡವನ್ನೇ ಅರ್ಧ ಕೊರೆದು ಮಣ್ಣನ್ನು ತಗ್ಗಿಗೆ ತುಂಬಿದ್ದರು. ಆರೂ ಶಾಲೆ, ಅಕ್ಕನ ಗ್ರಂಥಾಲಯ, ಎಲ್ಲವೂ ಕೆಂಪು.

ಹೊಸದಾಗಿ ಎಳೆಯೋಣ ಎಂದು ಗುತ್ತಿಗೆದಾರರಿಗೆ ಹೇಳಿದೆ. ಅವರು ಸಿಟ್ಟು ಮಾಡುವ ಮನುಷ್ಯರಲ್ಲ. ಚಾ ತರಿಸಿ ಎದುರಿಗೆ ಕೂರಿಸಿಕೊಂಡು ಹೇಳಿದರು: "ಕೇಬಲ್ ಎಳೂಕೆ ದುಡ್ಡು ಬೇಕು. ದುಡ್ಡು ಬರೂಕೆ ಹಸಿರು ಬೇಕು. ಹಸಿರಾಗೂಕೆ ಕೇಬಲ್ ಬೇಕು. ಇದ್ರಲ್ಲಿ ಯಾವ್ದು ಮೊದ್ಲು ಮಾಡ್ವಾ, ನೀನೇ ಹೇಳು."

ನಾನು ಚಾ ಕುಡಿಯುತ್ತ ನಗೆಗೆಂದು ಹೇಳಿದೆ: "ಹಸಿರನ್ನೇ ಮೊದ್ಲು ಮಾಡ್ವಾ ಸಾವ್ಕಾರ್ರೇ."

ಅವರು ನಗಲಿಲ್ಲ. ಆ ಮಾತು ನನ್ನ ಬಾಯಿಂದ ಬಂದದ್ದು. ಅದಕ್ಕೇ ಇದನ್ನು ಅವರ ತಪ್ಪು ಎಂದು ಬರೆಯಲು ನನಗೆ ಬರುವುದಿಲ್ಲ.

ಎಲ್ಲ ಡಬ್ಬಿಗಳಿಗೂ ಬೆಳಕು ಕಳಿಸುವ ಮೂಲ ಯಂತ್ರವನ್ನು ನಾವು ಕಡಲದಂಡೆಯ ಒಂದು ಐಸ್ ಫ್ಯಾಕ್ಟರಿಯ ಪಕ್ಕದ ಕೋಣೆಯಲ್ಲಿ ಇಟ್ಟಿದ್ದೆವು. ಮೀನಿಗೆ ಐಸ್ ಮಾಡುವ ಕಡೆ ಕರೆಂಟ್ ಹೋಗುವುದಿಲ್ಲ, ಹೋದರೂ ಜನರೇಟರ್ ಇರುತ್ತದೆ. ಶಾಲೆಗಳಿಂದ ಡಬ್ಬಿ ಬಿಚ್ಚಿ ತಂದು ಆ ಕೋಣೆಯಲ್ಲೇ ಸಾಲಾಗಿ ಇಟ್ಟುಬಿಡುವುದು ಎಂದಾಯಿತು. ರಿಪೇರಿಗೆ ಒಯ್ಯುತ್ತೇನೆ ಎಂದೆ, ಯಾರೂ ತಡೆಯಲಿಲ್ಲ. ಅಕ್ಕನಂತೂ ಡಬ್ಬಿಯನ್ನು ಬಟ್ಟೆಯಿಂದ ಒರೆಸಿ ಕೊಟ್ಟಳು.

ತೊಡಕು ಒಂದಿತ್ತು. ಬೆಳಕು ಹೋಗಿ ಬರುವ ಹೊತ್ತಿನ ಮೇಲೆ ಡಬ್ಬಿ ಎಷ್ಟು ದೂರದಲ್ಲಿದೆ ಎಂದು ಮೂಲ ಯಂತ್ರ ಲೆಕ್ಕ ಹಾಕುತ್ತದೆ. ಆ ದೂರ ಕಾರವಾರದ ಪರದೆಯಲ್ಲೂ ಕಾಣುತ್ತದೆ. ಮೇಜಿನ ಮೇಲಿಟ್ಟ ಡಬ್ಬಿ ಮಾರು ದೂರದಲ್ಲಿದೆ ಎಂದು ತೋರಿಸಿದರೆ ಅಲ್ಲಿಗೇ ಮುಗಿಯಿತು. ದಾರಿ ಹೊಳೆದದ್ದು ನನಗೇ. ಗೋದಾಮಿನಲ್ಲಿ ಕೇಬಲಿನ ಸುರುಳಿಗಳು ಬಿದ್ದಿದ್ದವು. ಶಾಲೆ ಎಷ್ಟು ದೂರವೋ ಅಷ್ಟು ಉದ್ದದ ಸುರುಳಿಯನ್ನು ನಡುವೆ ಬೆಸೆದೆ. ಬೆಳಕು ಕೋಣೆ ಬಿಟ್ಟು ಹೋಗುತ್ತಿರಲಿಲ್ಲ, ಸುರುಳಿಯೊಳಗೇ ಸುತ್ತಿ ಸುತ್ತಿ ಬರುತ್ತಿತ್ತು. ಯಂತ್ರ ಮಾತ್ರ ಅದು ಹೊಳೆ ದಾಟಿ, ಗದ್ದೆ ದಾಟಿ ಶಾಲೆ ಮುಟ್ಟಿತು ಎಂದು ತಿಳಿಯುತ್ತಿತ್ತು. ಗೋಡೆಗೆ ಮೊಳೆ ಹೊಡೆದು ಸುರುಳಿಗಳನ್ನು ತೂಗುಹಾಕಿ, ಕೆಳಗೆ ಸೀಮೆಸುಣ್ಣದಿಂದ ಊರಿನ ಹೆಸರು ಬರೆದೆ. ಅಲ್ಲಿ ನಿಂತು ಕೈ ಚಾಚಿದರೆ ಏಳು ಊರಿನ ದಾರಿ ಕೈಗೆ ಹತ್ತುತ್ತಿತ್ತು.

ಏಳೂ ಹಸಿರಾದವು. ಆದರೆ ಕೆಲವು ದಿನದಲ್ಲೇ ಕಾರವಾರದಿಂದ ಕೇಳಿದರಂತೆ: ಡಬ್ಬಿ ಉರಿಯುತ್ತಿದೆ, ಬಳಸುವವರು ಯಾಕಿಲ್ಲ? ಗುತ್ತಿಗೆದಾರರು ಹಳೆಯ ಫೋನುಗಳನ್ನು ತಂದುಕೊಟ್ಟರು. ಒಂದೊಂದು ಡಬ್ಬಿಗೆ ಒಂದೊಂದು ಫೋನು. ಶಾಲೆಯವಕ್ಕೆ ಪಾಠದ ವಿಡಿಯೊ ಹಚ್ಚಿದೆ. ಒಂದು ಮುಗಿದರೆ ಇನ್ನೊಂದು, ಕೊನೆಯದು ಮುಗಿದರೆ ಮತ್ತೆ ಮೊದಲಿನದು. ಸದ್ದನ್ನು ಪೂರ್ತಿ ತೆಗೆಯಲಿಲ್ಲ. ಫೋನು ನಿಂತುಬಿಟ್ಟರೆ ಬಾಗಿಲಿನಿಂದಲೇ ಗೊತ್ತಾಗಲಿ ಎಂದು ಸಣ್ಣಗೆ ಇಟ್ಟಿದ್ದೆ.

ಮಟಮಟ ಮಧ್ಯಾಹ್ನವೂ ಆ ಕೋಣೆಯಲ್ಲಿ ಚಳಿ. ಆಚೆ ಐಸ್ ಗಡ್ಡೆಗಳ ತಂಪು ಗೋಡೆ ದಾಟಿ ಬರುತ್ತಿತ್ತು, ಗೋಡೆ ಬೆವರುತ್ತಿತ್ತು. ಆರು ಫೋನುಗಳಲ್ಲಿ ಆರು ಪಾಠ. ಪಾಠ ಮಾಡುವ ಒಬ್ಬರು ಬಾಯೋರು ತ್ರಿಕೋನ ಬರೆದು, "ಈಗ ನೀವು ಹೇಳಿ ಮಕ್ಕಳೇ" ಎಂದು ಕೇಳಿ, ಉತ್ತರಕ್ಕೆ ಕಾಯುವವರಂತೆ ಸುಮ್ಮನೆ ನಮ್ಮನ್ನು ನೋಡುತ್ತಿದ್ದರು. ಆಮೇಲೆ "ಶಾಬಾಸ್" ಎನ್ನುತ್ತಿದ್ದರು.

ಐಸ್ ಒಡೆಯುವ ಮುದುಕನೊಬ್ಬ ಅಲ್ಲಿದ್ದ. ಮೀನುಗಾರರ ಪೈಕಿ, ಮನೆಮಾತು ಕೊಂಕಣಿ. ಬಾಗಿಲಲ್ಲಿ ನಿಂತು ನನ್ನನ್ನು ಆಡಿಕೊಳ್ಳುತ್ತಿದ್ದ. "ನಿನ್ನ ಶಾಲೆ ಚಲೋ ಅದೆ ಬಾಬಾ. ಮಾಸ್ತರ್ರಿಗೆ ರಜೆ ಬೇಡ, ಮಕ್ಕಳ ಗಲಾಟೆ ಇಲ್ಲ, ಬಿಸಿಯೂಟದ ಖರ್ಚೂ ಇಲ್ಲ."

ಗ್ರಂಥಾಲಯದ ಡಬ್ಬಿಗೆ ಏನು ಹಚ್ಚಲಿ ಎಂದು ಯೋಚಿಸಿದೆ. ಅಕ್ಕನ ಕಥೆ ಹಚ್ಚಿದೆ.

ಇಂಟರ್ನೆಟ್ ಇಲ್ಲವೆಂದು ಮಕ್ಕಳು ಗ್ರಂಥಾಲಯಕ್ಕೆ ಬರುವುದು ಕಡಿಮೆಯಾದ ಮೇಲೆ ಅಕ್ಕ ತನ್ನ ಫೋನಿನಲ್ಲಿ ಕಥೆ ಹೇಳಿ ವಿಡಿಯೊ ಮಾಡುತ್ತಿದ್ದಳು. ನಮ್ಮ ಅಜ್ಜಿ ಹೇಳುತ್ತಿದ್ದ ಕಥೆಗಳು. ಊರ ಹಿಂದಿನ ಗೇರುಗುಡ್ಡ ಹತ್ತಿದರೆ ಫೋನಿಗೆ ಇಂಟರ್ನೆಟ್ ಸಿಗುತ್ತದೆ, ಅಲ್ಲಿ ನಿಂತು ತನ್ನ ಚಾನೆಲ್ಲಿಗೆ ಹಾಕುತ್ತಿದ್ದಳು. ನೋಡುವವರು ಬೆರಳೆಣಿಕೆಯಷ್ಟು. ಹೇಗೂ ಏನಾದರೂ ಓಡಬೇಕು, ಅಕ್ಕನದೇ ಓಡಲಿ, ಅವಳಿಗೂ ನಾಲ್ಕು ಜನ ನೋಡಿದ ಹಾಗೆ ಕಾಣಲಿ ಎಂದುಕೊಂಡೆ. ನನ್ನ ಲೆಕ್ಕದಲ್ಲಿ ಅದು ಅವಳಿಗೆ ಮಾಡಿದ ಉಪಕಾರ.

ನಮ್ಮ ಕಡೆ ಕಥೆ ಹೇಳುವಾಗ ಕೇಳುವವರು ನಡುನಡುವೆ "ಹೂಂ" ಅನ್ನಬೇಕು. ಅನ್ನದಿದ್ದರೆ ಹೇಳುವವರು ಮುಂದೆ ಹೋಗುವುದಿಲ್ಲ. ಹೂಂ ಅನ್ನುವವರು ಇಲ್ಲದ ಕಡೆ ಕಥೆ ಹೇಳಬಾರದು, ಹೇಳಿದರೆ ಮತ್ಯಾರೋ ಕೇಳಿಸಿಕೊಳ್ಳುತ್ತಾರೆ ಎಂದು ಅಜ್ಜಿ ಹೆದರಿಸುತ್ತಿದ್ದಳು. ಅಕ್ಕ ವಿಡಿಯೊದಲ್ಲೂ ಆ ಜಾಗ ಬಿಡುತ್ತಿದ್ದಳು. ಒಂದು ಮಾತು ಹೇಳಿ, ಕಣ್ಣೆತ್ತಿ ನೋಡಿ, ತಡೆದು, ಆಮೇಲೆ ಮುಂದಿನ ಮಾತು. ಮೀನಿನ ಹಂಗಾಮು ಇರುವ ತನಕ ಆ ಜಾಗವನ್ನು ಐಸ್ ಪುಡಿ ಮಾಡುವ ಯಂತ್ರದ ಸದ್ದು ತುಂಬುತ್ತಿತ್ತು.

ಮಳೆಗಾಲ ಹಿಡಿದು ಬೋಟುಗಳು ಕಡಲಿಗೆ ಇಳಿಯುವುದು ಬಂದಾಯಿತು. ಫ್ಯಾಕ್ಟರಿ ನಿಂತಿತು. ಮುದುಕ ಕಾವಲಿಗೆ ಉಳಿದ. ನಮ್ಮ ಕೋಣೆಗೆ ಕರೆಂಟ್ ಇತ್ತು. ನಾನು ದಿನ ಬಿಟ್ಟು ದಿನ ಹೋಗಿ, ನಿಂತ ಫೋನುಗಳನ್ನು ಮತ್ತೆ ಹಚ್ಚಿ ಬರುತ್ತಿದ್ದೆ. ಒಂದು ಮಧ್ಯಾಹ್ನ ಬಗ್ಗಿ ಫೋನು ನೋಡುತ್ತಿದ್ದೇನೆ. ಅಕ್ಕ ಒಂದು ಮಾತು ಹೇಳಿ ತಡೆದಳು. ನನ್ನ ಬೆನ್ನ ಹಿಂದೆ "ಹೂಂ" ಎಂದು ಕೇಳಿತು.

ನನ್ನ ಕೈಯಿಂದ ಫೋನು ಬಿತ್ತು. ಮೂಲೆಯಲ್ಲಿ ಖಾಲಿ ಮೀನಿನ ಬುಟ್ಟಿಯ ಮೇಲೆ ಮುದುಕ ಕುಳಿತಿದ್ದ.

"ಹೆದ್ರಬೇಡ, ನಾನೇ," ಎಂದ. "ಯಾರಾದ್ರೂ ಅನ್ಬೇಕಲ್ಲ ಮಾರಾಯಾ. ಹೆಂಗ್ಸು ಒಬ್ಳೇ ಮೂರು ಹೊತ್ತೂ ಹೇಳ್ತಾ ಇದ್ರೆ ನಂಗೇ ಜೀವ ಹೆದರ್ತದೆ. ಎಷ್ಟೋ ಸಲ ನಾ ಅನ್ನೂಕೆ ಮೊದ್ಲೇ ಯಾರೋ ಅಂದ ಹಾಗೆ ಕೇಳ್ತದೆ."

ಗೋಡೆ ತಣ್ಣಗಾಗಿ ಬಿಸಿಯಾಗುವಾಗ ಸದ್ದು ಮಾಡುತ್ತದೆ ಎಂದೆ. ಫ್ಯಾಕ್ಟರಿ ನಿಂತು ಗೋಡೆ ಬೆಚ್ಚಗಾಗಿ ಎಷ್ಟು ದಿನವಾಯಿತು ಎಂದು ಅವ ಕೇಳಿದ. ನಾನು ಬಿದ್ದ ಫೋನು ಎತ್ತಿ ಮತ್ತೆ ಹಚ್ಚಿದೆ.

ಅದೇ ದಿನಗಳಲ್ಲಿ ಅಕ್ಕನ ಫೋನು ಬಂತು. ಅವಳ ದನಿಯಲ್ಲಿ ನಾನು ಅಂಥ ಸಂತೋಷ ಕೇಳಿ ಬಹಳ ಕಾಲವಾಗಿತ್ತು. ತನ್ನ ಕಥೆಗಳನ್ನು ಯಾರೋ ಕೇಳುತ್ತಿದ್ದಾರೆ, ಒಬ್ಬರೇ, ಒಂದೇ ಫೋನಿನಿಂದ, ಎಲ್ಲ ಕಥೆಯನ್ನೂ ಮತ್ತೆ ಮತ್ತೆ ಎಂದಳು. ಚಾನೆಲ್ಲಿನ ಲೆಕ್ಕದಲ್ಲಿ ಅದೆಲ್ಲ ಅವಳಿಗೆ ಕಾಣುತ್ತಿತ್ತು. ಆಗಲೇ ಹೇಳಬಹುದಿತ್ತು. ನಕ್ಕುಬಿಡುತ್ತಿದ್ದಳೋ ಏನೋ, ಹೆಚ್ಚೆಂದರೆ ನಾಲ್ಕು ದಿನ ಬೈಯುತ್ತಿದ್ದಳು. ಆದರೆ ಹೇಳಿದರೆ ಡಬ್ಬಿ ಎಲ್ಲಿದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. "ಚಲೋ ಆಯ್ತಲ್ಲ ಅಕ್ಕಾ," ಎಂದೆ.

"ಮಗುನೇ ಇರ್ಬೇಕು ತಮಾ," ಎಂದಳು. "ದೊಡ್ಡೋರು ಒಂದೇ ಕಥೇನ ಇಷ್ಟು ಸಲ ಕೇಳೂದಿಲ್ಲ."

ಮುಂದಿನ ಫೋನುಗಳಲ್ಲಿ ಸಂತೋಷ ಕಡಿಮೆಯಾಗುತ್ತ ಬಂತು. ಆ ಮಗು ಹಗಲೂ ಕೇಳುತ್ತದೆ, ರಾತ್ರಿಯೂ ಕೇಳುತ್ತದೆ, ಶಾಲೆಯ ಹೊತ್ತಿನಲ್ಲೂ ಕೇಳುತ್ತದೆ ಎಂದಳು. ಶಾಲೆಗೆ ಹೋಗದ ಮಗು. ನಿದ್ದೆ ಬಾರದ ಮಗು. ಹಾಸಿಗೆ ಹಿಡಿದಿರಬೇಕು. ಜೊತೆಗೆ ಯಾರೂ ಇಲ್ಲದಿರಬೇಕು. ಅವಳು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿದಳು, ಶಾಲೆಯಲ್ಲಿ ಕೇಳಿದಳು, ಫೋನಿಗೆ ಇಂಟರ್ನೆಟ್ ಸಿಗುವ ಕಡಲದಂಡೆಯ ಮನೆಗಳಿಗೂ ಕೊಡೆ ಹಿಡಿದು ಹೋಗಿ ಬಂದಳು. ಕೊನೆಗೆ ನನ್ನನ್ನೇ ಕೇಳಿದಳು.

"ನೀ ಕೇಬಲ್ಲಿನಂವ. ಫೋನು ಯಾವ ಮನೇಲಿ ಅದೆ ಅಂತ ನಿಮಗೆಲ್ಲ ಗೊತ್ತಾಗ್ತದಂತೆ. ಅದು ಎಲ್ಲಿ ಅದೆ, ನೋಡಿ ಹೇಳು."

"ಅದೆಲ್ಲ ನಮ್ಗೆ ಸಿಗೂದಿಲ್ಲ ಅಕ್ಕಾ," ಎಂದೆ. ಆಗ ನಾನು ಆ ಫೋನಿನ ಎದುರಿಗೇ ನಿಂತಿದ್ದೆ.

ಆ ವಾರ ಅಕ್ಕ ಹೊಸ ವಿಡಿಯೊ ಹಾಕಿದ್ದಳು. ನನಗೆ ತಿಳಿದಿರಲಿಲ್ಲ. ಸರದಿಯಲ್ಲಿ ಅದು ತಾನಾಗಿ ಬಂತು. ಅಕ್ಕ ಮುಖವನ್ನು ಫೋನಿನ ತೀರ ಹತ್ತಿರ ತಂದಿದ್ದಳು.

"ಇದು ನಿಂಗೆ ಹೇಳೂದು," ಎಂದಳು. "ನಿನ್ನ ಹೆಸ್ರು ನಂಗೆ ಗೊತ್ತಿಲ್ಲ. ನಿನ್ನೆ ರಾತ್ರಿನೂ ನೀ ಮಲಗ್ಲಿಲ್ಲ. ಎಂತ ಆಗ್ತದೆ ನಿಂಗೆ? ನೋವು ಆಗ್ತದಾ? ಅಲ್ಲಿ ಕತ್ತಲೆ ಅದೆಯಾ? ಮನೇಲಿ ಯಾರಾದ್ರೂ ಇದ್ರೆ ಕರಿ, ನನ್ನ ಹತ್ರ ಮಾತಾಡೂಕೆ ಹೇಳು. ನಾ ಬರ್ತೆ. ಕೇಳ್ತಾ ಇದ್ಯಲ್ಲ? ಹೂಂ ಅನ್ನು."

ಹಾಗೆಂದು ಕಾದಳು. ಉಳಿದ ಫೋನುಗಳಲ್ಲೂ ಆ ಕ್ಷಣಕ್ಕೆ ಯಾರೂ ಮಾತಾಡುತ್ತಿರಲಿಲ್ಲ. ಬಾಯೋರು ತ್ರಿಕೋನದ ಪಕ್ಕ ಸುಮ್ಮನೆ ನಿಂತಿದ್ದರು. ಮಳೆ ಹಿಡಿದಿತ್ತು, ಹೊರಗೆ ಕಡಲು ಮಣ್ಣಿನ ಬಣ್ಣವಾಗಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳು ತುಸು ಹೊತ್ತು ಕಾದು, ಯಾರೋ ಹೂಂ ಅಂದದ್ದು ಕೇಳಿಸಿದವಳ ಹಾಗೆ ತಲೆಯಾಡಿಸಿ, ಕಥೆ ಶುರು ಮಾಡಿದಳು.

ನಾನು ಹೊರಗೆ ಬಂದು ಬೈಕ್ ಹತ್ತಿದೆ. ಆಮೇಲೆ ಕೆಲವು ದಿನ ಆ ಕೋಣೆಗೆ ಹೋಗಲಿಲ್ಲ.

ಹೋದದ್ದು ನಾಗರ ಪಂಚಮಿಯ ಮಾರನೆಯ ದಿನ. ದಿನ ನೆನಪಿರಲು ಕಾರಣವಿದೆ. ಮುದುಕ ಮನೆಯಿಂದ ಅರಿಶಿನ ಎಲೆಯಲ್ಲಿ ಬೇಯಿಸಿದ ಸಿಹಿ ಕಡುಬು, ಪಾತೋಳಿ, ತಂದಿದ್ದ, ಬಾಗಿಲಲ್ಲೇ ನನ್ನ ಕೈಗಿಟ್ಟ. ಅದನ್ನು ತಿಂದು, ಕೈ ತೊಳೆದು, ಗ್ರಂಥಾಲಯದ ಫೋನಿನಿಂದ ಅಕ್ಕನ ಕಥೆಗಳನ್ನು ತೆಗೆದೆ. ಅದಕ್ಕೂ ಪಾಠದ ವಿಡಿಯೊ ಹಚ್ಚಿದೆ. ಚುಕ್ಕೆ ಹಸಿರಾಗಿಯೇ ಉಳಿಯಿತು. ಗುತ್ತಿಗೆದಾರರಿಗೆ ನಷ್ಟವಿಲ್ಲ, ನನಗೆ ತೊಂದರೆಯಿಲ್ಲ. ಕೇಳುವವರಿಲ್ಲ ಎಂದು ಗೊತ್ತಾದರೆ ಅಕ್ಕ ಸ್ವಲ್ಪ ದಿನದಲ್ಲಿ ಮರೆಯುತ್ತಾಳೆ. ಹಾಗೆ ಅಂದುಕೊಂಡಿದ್ದೆ. ಇದ್ದಕ್ಕಿದ್ದಂತೆ ಸುಮ್ಮನಾದ ಮಗುವಿನ ಬಗ್ಗೆ ಅವಳು ಏನೆಂದುಕೊಂಡಾಳು ಎಂದು ನಾನು ಯೋಚಿಸಲೇ ಇಲ್ಲ.

ಅಕ್ಕನ ಫೋನು ಬರುವುದೂ ನಿಂತಿತು. ನಾನೂ ಮಾಡಲಿಲ್ಲ.

ಬೋಟುಗಳು ಮತ್ತೆ ನೀರಿಗಿಳಿದ ಮೇಲೆ, ಹಟ್ಟಿಕೇರಿಯ ಕಡೆ ಬೇರೊಂದು ಕೆಲಸಕ್ಕೆ ಹೋದವ ಊರಿಗೆ ಹೋದೆ. ಗ್ರಂಥಾಲಯದ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅಕ್ಕ ಕಥೆ ಹೇಳುತ್ತಿದ್ದಳು. ಎದುರಿಗೆ, ಮಕ್ಕಳಿಗೆಂದು ಇಟ್ಟ ಗಿಡ್ಡ ಬೆಂಚಿನ ಮೇಲೆ ಒಬ್ಬ ಹೆಂಗಸು ಕುಳಿತಿದ್ದಳು. ಪಕ್ಕದಲ್ಲಿ ಒಣಮೀನಿನ ಬುಟ್ಟಿ. ಅಕ್ಕ ತಡೆದ ಕಡೆಯಲ್ಲೆಲ್ಲ ಅವಳು "ಹೂಂ" ಎನ್ನುತ್ತಿದ್ದಳು. ಮುಖದಲ್ಲಿ ಏನೂ ಇರಲಿಲ್ಲ. ಕಣ್ಣು ಗೋಡೆಯ ಮೇಲಿತ್ತು, ನಾನು ಡಬ್ಬಿ ಬಿಚ್ಚಿದ ಜಾಗದಲ್ಲಿ.

ಕಥೆ ಮುಗಿದಾಗ ಅವಳು ಕೇಳಿದಳು: "ಇದ್ನೂ ಕೇಳಿತ್ತೇನ್ರಾ ಅಕ್ಕೋರೆ, ನನ್ನ ಮಗು?"

"ಇದ್ನೇ ಜಾಸ್ತಿ ಕೇಳಿತ್ತು," ಎಂದಳು ಅಕ್ಕ.

"ನಂಗೆ ಗೊತ್ತೇ ಇರ್ಲಿಲ್ಲ. ಯಾವಾಗ್ಲೂ ಫೋನು ಹಿಡ್ಕಂಡೇ ಬಿದ್ದಿರ್ತಿತ್ತು. ಬೈತಿದ್ದೆ. ಕಥೆ ಕೇಳ್ತಿತ್ತು ಅಂತ ಗೊತ್ತಿದ್ರೆ ಬೈತಿರ್ಲಿಲ್ಲ."

ಅಕ್ಕ ನನ್ನನ್ನು ಹೊರಗೆ ಕರೆದು ಮೆಲ್ಲಗೆ ಎಲ್ಲ ಹೇಳಿದಳು. ಕಡಲದಂಡೆಯ ಮನೆಯವಳು. ಮಗಳು ಹುಟ್ಟಿದಾಗಿನಿಂದ ಹೃದಯದ ಕಾಯಿಲೆಯವಳು, ಕೊನೆಯ ವರ್ಷ ಹಾಸಿಗೆಯಲ್ಲೇ ಇದ್ದಳು. ಅಕ್ಕ ಮಳೆಯಲ್ಲಿ ಹುಡುಕುತ್ತ ಹೋದಾಗ ಆ ಮನೆಗೆ ಬೀಗವಿತ್ತು, ಎಲ್ಲರೂ ಆಸ್ಪತ್ರೆಯಲ್ಲಿದ್ದರು. ಪಂಚಮಿಯ ಮಾರನೆಯ ದಿನ ಹುಡುಗಿ ಹೋದಳು.

"ಅದೇ ದಿನದಿಂದ ಕೇಳೂದು ನಿಂತದ್ದು ತಮಾ," ಎಂದಳು. "ಅದೇ ದಿನ. ನಾನೇ ನೋಡಿದ್ದೆ. ಆ ತಾಯಿಗೆ ಹೇಳ್ಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ. ಹೇಳ್ದೆ. ಅಂದಿಂದ ಮೀನು ಮಾರಿ ಹೋಗೂವಾಗ ಇಲ್ಲಿ ಬಂದು ಕೂರ್ತಾಳೆ. ಮಗು ಕೇಳಿದ್ದೆಲ್ಲ ತಾನೂ ಕೇಳ್ಬೇಕಂತೆ."

ನನ್ನ ಬಾಯಲ್ಲಿ ಅರಿಶಿನ ಎಲೆಯ ವಾಸನೆ ಬಂದ ಹಾಗಾಯಿತು. ಎರಡೂ ಒಂದೇ ದಿನ ಆದದ್ದು ಯಾಕೆ ಎಂದು ನನಗೆ ಇಂದಿಗೂ ಗೊತ್ತಿಲ್ಲ. ಎಲ್ಲೋ ಒಂದು ದಿನಕ್ಕೆ ಎರಡು ಸಂಗತಿ ಆಗಿಯೇ ಆಗುತ್ತವೆ. ಕೈಯಲ್ಲಿ ಫೋನು ಹಿಡಿದು ಅದನ್ನು ಮಾಡಿದವನಿಗೆ ಮಾತ್ರ ಆ ಸಮಾಧಾನ ಸಾಕಾಗುವುದಿಲ್ಲ.

ಅಲ್ಲಿಂದ ನೆಟ್ಟಗೆ ಐಸ್ ಫ್ಯಾಕ್ಟರಿಗೆ ಹೋದೆ. ಯಾರನ್ನೂ ಕೇಳಲಿಲ್ಲ. ನಮ್ಮೂರಿನ ಹೆಸರು ಬರೆದ ಸುರುಳಿಯನ್ನು ಗೋಡೆಯಿಂದ ಇಳಿಸಿದೆ, ಡಬ್ಬಿ ಬಿಚ್ಚಿದೆ. ಮುದುಕ ಸುರುಳಿ ಹೊರಲು ಕೈ ಕೊಟ್ಟ. ಒಂದು ಶಾಲೆ ಮುಚ್ಚಿತಾ ಎಂದು ಕೇಳಿದ. ತೆರೆಯುತ್ತೇನೆ ಎಂದೆ.

ಕೋಣೆಯೊಳಗೆ ಸುತ್ತಿಟ್ಟ ದಾರಿಯನ್ನು ಹೊರಗೆ ಹಾಸಲು ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ಫ್ಯಾಕ್ಟರಿಯಿಂದ ಹೆದ್ದಾರಿಯ ತನಕ ಕರೆಂಟಿನ ಕಂಬಗಳು ಸಿಕ್ಕವು. ಹೆದ್ದಾರಿಯನ್ನು ಮೇಲಿನಿಂದ ದಾಟಿಸಲು ಪರವಾನಗಿ ಬೇಕು, ಅದಕ್ಕೆ ಗುತ್ತಿಗೆದಾರರ ಸಹಿ ಬೇಕು. ಹಾಗಾಗಿ ಹೆದ್ದಾರಿಯ ಕೆಳಗೆ ನೀರು ಹೋಗುವ ಮೋರಿಯೊಳಗೆ ಹೊಕ್ಕೆ. ಸೊಂಟಕ್ಕೆ ಹಗ್ಗ, ಹಗ್ಗದ ತುದಿಗೆ ಕೇಬಲ್, ಎದೆಯ ತನಕ ಕೆಸರು ನೀರು. ನಡುವೆ ಬಂದಾಗ ಎರಡೂ ತುದಿಯ ಬೆಳಕು ಸಣ್ಣ ರೂಪಾಯಿಯಷ್ಟು ಕಂಡಿತು. ಮೇಲೆ ಲಾರಿಗಳು ಹೋಗುವ ಸದ್ದು. ಅವು ಹೋದ ಮೇಲಿನ ಮೌನದಲ್ಲಿ ನನಗೆ ನನ್ನದೇ ಏದುಸಿರು ಯಾರೋ ಹೂಂ ಎಂದ ಹಾಗೆ ಕೇಳುತ್ತಿತ್ತು. ಹಿಂದಿರುಗಿ ನೋಡದೆ ಆಚೆ ಬಂದೆ.

ಅಲ್ಲಿಂದ ಗದ್ದೆಯ ಅಂಚು, ಆಮೇಲೆ ಪಂಚಾಯತಿಯ ಬೀದಿದೀಪದ ಕಂಬಗಳು. ಗ್ರಂಥಾಲಯದ ಗೋಡೆಯಲ್ಲಿ ಡಬ್ಬಿ ಕೂಡಿಸಿದರೆ ಕೆಂಪು ದೀಪ. ಮೀಟರಿನಲ್ಲಿ ಬೆಳಕು ತೀರ ಕಡಿಮೆ. ಮಳೆಯಲ್ಲಿ ಬೆಸೆದ ಒಂದು ಜೋಡಣೆಗೆ ನೀರು ಹೊಕ್ಕಿರಬೇಕೆಂದು ಅದನ್ನು ಕತ್ತರಿಸಿ ಮತ್ತೆ ಬೆಸೆದೆ. ಆದರೂ ಕೆಂಪು. ಕೊನೆಗೆ ಸಿಕ್ಕಿತು. ಮೋರಿಯ ಬಾಯಲ್ಲಿ ಕೇಬಲ್ ಒಂದು ಕಲ್ಲಿನ ಕೆಳಗೆ ಮಡಚಿಕೊಂಡಿತ್ತು. ಕಲ್ಲು ಸರಿಸಿ ನೆಟ್ಟಗೆ ಮಾಡಿದೆ.

ಅಷ್ಟರಲ್ಲಿ ಗುತ್ತಿಗೆದಾರರು ಬಂದರು. ಗ್ರಂಥಾಲಯದ ಚುಕ್ಕೆ ಕೆಂಪಾಗಿ ಎಷ್ಟು ದಿನವಾಯಿತೆಂದು ಕಾರವಾರದಿಂದ ಕೇಳಿದ್ದರಂತೆ. ಕಂಬದ ಕೆಳಗೆ ನಿಂತು ನನ್ನನ್ನು ನೋಡಿದರು. "ನಿನ್ನಕ್ಕನ ಲೈಬ್ರರಿಗೆ ನನ್ನ ಕೇಬಲ್ ಧರ್ಮಕ್ಕೇನೋ?" ಎಂದರು. ಈಗ ನಿಜವಾಗಿ ಉರಿಯುತ್ತದೆ ಎಂದೆ.

"ನಿಜ ಆದ್ರೂ ಸುಳ್ಳಾದ್ರೂ ಅವ್ರಿಗೆ ಬಣ್ಣ ಒಂದೇ ಮಾರಾಯಾ," ಎಂದು ಹೋದರು. ಕೆಲಸದಿಂದ ತೆಗೆಯಲಿಲ್ಲ. ಆ ಮಾತು ಸರಿಯೇ ಇತ್ತು. ಡಬ್ಬಿ ಹೊತ್ತಿದ ಮೇಲೆ ಮೂಲ ಯಂತ್ರದಲ್ಲಿ ದೂರ ನೋಡಿದೆ. ಸುರುಳಿಯಲ್ಲಿದ್ದಾಗ ತೋರಿಸಿದಷ್ಟೇ ತೋರಿಸುತ್ತಿತ್ತು. ಯಂತ್ರಕ್ಕೆ ಏನೂ ಆದದ್ದೇ ಗೊತ್ತಾಗಿರಲಿಲ್ಲ. ಉಳಿದ ಶಾಲೆಗಳ ಬಗ್ಗೆಯೂ ಹೇಳಬೇಕು. ಸಹಾಯಧನ ಬಂದ ಮೇಲೆ ಅವುಗಳಲ್ಲಿ ನಾಲ್ಕಕ್ಕೆ ಲೈನ್ ಎಳೆದೆವು. ಎರಡು ಇನ್ನೂ ಆ ಕೋಣೆಯಲ್ಲೇ ಇವೆ.

ಇಂಟರ್ನೆಟ್ ಬಂದ ಸುದ್ದಿ ಊರಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಮಕ್ಕಳು ಗ್ರಂಥಾಲಯದ ಮೆಟ್ಟಿಲ ತನಕ ತುಂಬಿದರು. ಅಕ್ಕ ಮತ್ತೆ ಅವಲಕ್ಕಿ ಕಲಸಲು ಹೊರಟಳು. ಆಗ ಅವಳನ್ನು ಹಿತ್ತಲ ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಐಸ್ ಫ್ಯಾಕ್ಟರಿ, ಸುರುಳಿ, ಫೋನು, ಯಾವುದನ್ನೂ ಬಿಡಲಿಲ್ಲ. ಲೈನ್ ಎಳೆದು ಕೊಟ್ಟಿದ್ದೇನೆ, ಇನ್ನು ಹೇಳಬಹುದು ಎಂಬ ಧೈರ್ಯ ನನಗೆ ಬಂದಿತ್ತು.

ಅವಳು ಬೈಯಲಿಲ್ಲ. ಕೈಯಲ್ಲಿದ್ದ ತೆಂಗಿನತುರಿಯ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಬಾವಿಯೊಳಗೆ ನೋಡಿದಳು.

"ಹಂಗಾದ್ರೆ ಯಾರೂ ಕೇಳ್ತಿರ್ಲಿಲ್ಲ."

"ಇಲ್ಲ."

"ಆ ಹುಡುಗಿ ಒಂದು ಕಥೆನೂ ಕೇಳ್ಲಿಲ್ಲ."

ಒಂದೆರಡು ಕೇಳಿರಲೂಬಹುದು, ಯಾರಿಗೆ ಗೊತ್ತು ಎಂದೆ. ಹಾಗೆ ಹೇಳಬಾರದಿತ್ತು. ಅವಳು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದಳು.

"ಆ ತಾಯಿಗೆ ನಾ ಹೇಳೂದಿಲ್ಲ. ನೀನೂ ಹೇಳ್ಬೇಡ," ಎಂದಳು. "ನಾಳೆನೂ ಬರ್ತಾಳೆ. ನಾ ಹೇಳ್ಬೇಕು, ಇದ್ನೂ ನಿನ್ನ ಮಗಳು ಕೇಳಿದ್ಳು ಅಂತ. ಇವತ್ತಿನ ತನಕ ಅದು ಸುಳ್ಳಾಗಿರ್ಲಿಲ್ಲ ನಂಗೆ." ಬಟ್ಟಲು ಎತ್ತಿಕೊಂಡಳು. "ನಂಗೆ ಎಂತಕೆ ಹೇಳ್ದೆ, ತಮಾ?"

ಹೇಳಿ ಹಗುರಾಗೋಣ ಎಂದು ಹೇಳಿದ್ದೆ, ಹಗುರಾಗಿಯೂ ಇದ್ದೆ. ಆ ಹಗುರವೇ ನನಗೆ ಈಗ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರುವುದು.

ಅಕ್ಕ ಚಾನೆಲ್ಲಿಗೆ ಕಥೆ ಹಾಕುವುದನ್ನು ಬಿಟ್ಟಳು. ನನ್ನ ಹತ್ತಿರ ಮಾತು ಬಿಟ್ಟಿಲ್ಲ. ಮಳೆ, ಮೀನು, ಮನೆಯ ಹಂಚು, ಎಲ್ಲ ಮಾತಾಡುತ್ತಾಳೆ. ಡಬ್ಬಿ ನೋಡಲು ಆಗಾಗ ನಾನು ಗ್ರಂಥಾಲಯಕ್ಕೆ ಹೋಗಬೇಕಾಗುತ್ತದೆ. ಕೆಲವು ಸಲ ಆ ಹೆಂಗಸು ಬಂದಿರುತ್ತಾಳೆ. ನಾನು ಹೊರಗೆ ಚಪ್ಪಲಿ ಬಿಡುವ ಸದ್ದು ಕೇಳಿದರೆ ಸಾಕು, ಅಕ್ಕ ಕಥೆಯನ್ನು ಅರ್ಧಕ್ಕೇ ನಿಲ್ಲಿಸುತ್ತಾಳೆ. ಆಗ ಆ ಹೆಂಗಸು ತಿರುಗಿ ನನ್ನನ್ನು ನೋಡಿ, ಮೀನಿನ ಬುಟ್ಟಿಯನ್ನು ಕಾಲಿನಿಂದ ಈಚೆ ಸರಿಸಿ, ಬೆಂಚಿನ ಮೇಲೆ ಜಾಗ ಮಾಡುತ್ತಾಳೆ.

"ಬಾ ತಮಾ, ಕೂತ್ಕೋ," ಎನ್ನುತ್ತಾಳೆ. "ನನ್ನ ಮಗಳು ಕೇಳ್ತಿದ್ದ ಕಥೆ. ನೀನೂ ಕೇಳು."